ಅಂಚು ಕೂಡದ ನೀಲಿ

ಚಳ್ಳಕೆರೆ
೬ ಜನವರಿ ೨೦೨೫

ಅಪ್ಪನಿಗೆ ಕಾಂಚನಾಳ ನಮಸ್ಕಾರ.

ಲಕೋಟೆ ಒಡೆದ ಕೂಡಲೇ ಕಾಗದ ಪಕ್ಕಕ್ಕಿಟ್ಟು ಬಣ್ಣದ ಹಾಳೆಯನ್ನೇ ಮೊದಲು ನೋಡಿರುತ್ತೀಯ, ನನಗೆ ಗೊತ್ತು. ನೋಡಿ ಮುಗಿಸು, ಆಮೇಲೆ ಇದನ್ನು ಓದು.

ದೀಪಾವಳಿಗೆ ಬಂದಾಗ ನಾನು ಆಡಿದ ಮಾತು ನಿನಗೆ ಹಿಡಿಸಲಿಲ್ಲ. ರಾಂಪುರದ ರಶ್ಮಿತಾಳ ಮದುವೆಗೆ ನೀನು ನೇಯ್ದ ನವಿಲುಗೊರಳಿನ ನೀಲಿ ಸೀರೆಯನ್ನು ಅವರ ಮನೆಯವರು ‘ನಾವು ಕೇಳಿದ ನೀಲಿ ಇದಲ್ಲ’ ಅಂತ ತಿರುಗಿ ಕಳಿಸಿದ್ದರು. ನಾನು ಅದನ್ನು ಬಿಚ್ಚಿ ನೋಡಿ, ‘ಅಪ್ಪ, ನೀಲಿ ಕಣ್ಣಿಗೆ ಹೊಡೀತೈತೆ, ಅವರೇನೂ ಸುಳ್ಳು ಹೇಳ್ತಿಲ್ಲ’ ಅಂದೆ. ನೀನು ಲಾಳಿ ಕೆಳಗಿಟ್ಟು, ‘ಬಸ್ಸಿನ ಹೊತ್ತಾತು, ಹೊರಡು’ ಅಂದೆ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಅಂದಿನಿಂದ ಫೋನು ಮಾಡಿದರೆ ಅವ್ವನೇ ಎತ್ತುತ್ತಾಳೆ. ಹಿಂದಿನಿಂದ ನೀನು ಮಗ್ಗ ಬಡಿಯುವ ಸದ್ದು ಕೇಳಿಸುತ್ತದೆ. ಆ ಸದ್ದನ್ನೇ ನಿನ್ನ ಕ್ಷೇಮ ಸಮಾಚಾರ ಅಂದುಕೊಂಡು ಇಟ್ಟುಬಿಡುತ್ತೇನೆ.

ಈಗ ಹಾಳೆಯ ವಿಷಯ. ಫೆಬ್ರವರಿ ಕೊನೆಗೆ ವಿಜ್ಞಾನ ದಿನಕ್ಕೆ ಕುದಾಪುರದ ಕಡೆ ಒಂದು ಕ್ಯಾಂಪಸ್ಸಿನಲ್ಲಿ ಶಾಲೆ ಮಕ್ಕಳಿಗೆ ಏನಾದರೂ ಮಾಡಿ ತೋರಿಸಬೇಕು ಅಂತ ನಮ್ಮ ಕಾಲೇಜಿಗೆ ಹೇಳಿದ್ದಾರೆ. ಕಂಪ್ಯೂಟರ್ ಪಾಠ ಮಾಡುವವಳು ನಾನೇ ತಾನೆ, ನನ್ನ ತಲೆಗೇ ಬಂತು. ಬಣ್ಣದ ಘನವೊಂದನ್ನು ಬಿಚ್ಚಿ ಹಾಸಿದಂತೆ ಬರೆಯುವ ಪ್ರೋಗ್ರಾಂ ಮಾಡುತ್ತಿದ್ದೇನೆ. ಸಿಹಿ ಅಂಗಡಿಯ ರಟ್ಟಿನ ಡಬ್ಬವನ್ನು ಬಿಚ್ಚಿ ನೆಲಕ್ಕೆ ಹಾಸಿದರೆ ಹೇಗಿರುತ್ತದೋ ಹಾಗೆ, ಆರು ಚೌಕ. ಒಂದೊಂದು ಚೌಕವೂ ನಿನ್ನ ಮಗ್ಗದ ಥರವೇ ಕೆಲಸ ಮಾಡುತ್ತದೆ. ಉದ್ದಕ್ಕೆ ಹೋದಂತೆ ಒಂದು ಬಣ್ಣ ಏರುತ್ತದೆ, ಅಡ್ಡಕ್ಕೆ ಹೋದಂತೆ ಇನ್ನೊಂದು. ಹಾಸು ಕೆಂಪು, ಹೊಕ್ಕು ನೀಲಿ ಅಂದುಕೋ. ಒಂದು ಮೂಲೆಯಲ್ಲಿ ಎರಡೂ ಇಲ್ಲ, ಅದು ಕಪ್ಪು. ಎದುರು ಮೂಲೆಯಲ್ಲಿ ಎರಡೂ ತುಂಬಿವೆ, ಅದು ರಾಣಿ ಬಣ್ಣ. ನಡುವೆ ಇರುವುದೆಲ್ಲ ಬೆರಕೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಬರುವುದಿಲ್ಲ.

ಹಾಳೆಯನ್ನು ಕತ್ತರಿಸಿ, ಮಡಿಸಿ ಅಂಟಿಸಿದರೆ ಒಂದು ಚೌಕದ ಅಂಚು ಪಕ್ಕದ ಚೌಕದ ಅಂಚಿಗೆ ಬಣ್ಣಕ್ಕೆ ಬಣ್ಣ ಕೂಡಬೇಕು. ಕೂಡಿದರೆ ನನ್ನ ಲೆಕ್ಕ ಸರಿ. ಫೋಟೋ ಕಳಿಸೋಣವೆಂದರೆ ನಿನ್ನದು ಗುಂಡಿ ಫೋನು. ಅವ್ವನ ಫೋನಿನ ಪರದೆಯಲ್ಲಿ ಟೊಮೇಟೊ ಕೂಡ ಕಿತ್ತಳೆಯಂತೆ ಕಾಣುತ್ತದೆ. ಕಾಗದದ ಬಣ್ಣವನ್ನು ಕಾಗದದ ಮೇಲೆಯೇ ನೋಡಬೇಕು. ಸೀರೆಯ ಮೈಗೆ ಅಂಚು ಕೂಡಿಸುವುದರಲ್ಲಿ ಮೊಳಕಾಲ್ಮೂರಿನಲ್ಲಿ ನಿನ್ನನ್ನು ಮೀರಿಸಿದವರಿಲ್ಲ, ಅದಕ್ಕೇ ನಿನಗೇ ಕಳಿಸಿದ್ದೇನೆ. ನೋಡಿ ಬರೆ. ಸಿಟ್ಟಿದ್ದರೆ ಸಿಟ್ಟಿನಲ್ಲೇ ಬರೆ.

ನಿನ್ನ ಮಗಳು
ಕಾಂಚನಾ


ಚಳ್ಳಕೆರೆ
೯ ಜನವರಿ ೨೦೨೫

ಅಪ್ಪ,

ಆ ಹಾಳೆ ಮಡಿಸಬೇಡ! ಅದು ತಪ್ಪು.

ನಿನಗೆ ಅಂಚೆಗೆ ಹಾಕಿ ಬಂದ ಮೇಲೆ ಅಂಥದ್ದೇ ಇನ್ನೊಂದನ್ನು ನಾನು ಮಡಿಸಿ ನೋಡಿದೆ. ಕೆಂಪು-ನೀಲಿಯ ಆ ಒಂದು ಚೌಕ ಅಕ್ಕಪಕ್ಕದ ಯಾವುದಕ್ಕೂ ಕೂಡಲಿಲ್ಲ. ನೀಲಿಯನ್ನು ಸೊನ್ನೆಯಿಂದ ಏರಿಸಿಕೊಂಡು ಹೋಗಬೇಕಾದ ಕಡೆ ತುದಿಯಿಂದ ಸೊನ್ನೆಗೆ ಇಳಿಸಿಬಿಟ್ಟಿದ್ದೇನೆ. ಒಂದೇ ಸಾಲಿನ ತಪ್ಪು. ಕಪ್ಪು ಇರಬೇಕಾದಲ್ಲಿ ನೀಲಿ, ಕೆಂಪು ಇರಬೇಕಾದಲ್ಲಿ ರಾಣಿ ಬಣ್ಣ. ಬೇರೆ ಸೀರೆಯ ತುಂಡು ತಂದು ತೇಪೆ ಹಾಕಿದಷ್ಟು ಎದ್ದು ಕಾಣುತ್ತದೆ. ಬಾಗಿಲಲ್ಲಿ ನಿಂತಿದ್ದ ನಿನ್ನ ಅಳಿಯ ಗೋವರ್ಧನ ಕೂಡ ಅಲ್ಲಿಂದಲೇ, ‘ಅದೇನೇ ಅದು, ಒಂದು ಕಡೆ ತಿರುವುಮುರುವಾಗೈತಲ್ಲ’ ಅಂದ. ಅವನ ಬಣ್ಣದ ಜ್ಞಾನ ನಿನಗೆ ಗೊತ್ತೇ ಇದೆ. ಮದುವೆಯಲ್ಲಿ ಒಂದು ಕಾಲಿಗೆ ಕರಿ, ಒಂದು ಕಾಲಿಗೆ ಕಂದು ಕಾಲುಚೀಲ ಹಾಕಿಕೊಂಡು ಬಂದಿದ್ದವನು.

ನೀನು ಆಗಲೇ ನೋಡಿ, ‘ಇವಳಿಗೆ ಸಂಬಳ ಕೊಡುವವರು ಯಾರಪ್ಪಾ’ ಅಂದಿರುತ್ತೀಯ. ಅಂದದ್ದನ್ನು ಬರೆ. ತಿದ್ದಿದ ಹಾಳೆ ಇದರೊಳಗಿದೆ. ಹಳೆಯದನ್ನು ಒಲೆಗೆ ಹಾಕಿಸು.

ಕಾಂಚನಾ


ಮೊಳಕಾಲ್ಮೂರು
೧೧ ಜನವರಿ ೨೦೨೫

ಕಾಂಚನಾಳಿಗೆ ಅಪ್ಪ ಅಂಜಿನೇಯನ ಆಶೀರ್ವಾದ.

ನಿನ್ನ ಆರನೇ ತಾರೀಕಿನ ಕಾಗದ ಈ ಬೆಳಿಗ್ಗೆ ಕೈಸೇರಿತು. ಬಸ್ಸಿಗೆ ಹೊತ್ತಿತ್ತು ಅನ್ನುವುದು ನನಗೂ ಗೊತ್ತಿತ್ತು. ಸಿಟ್ಟು ಬಂದಾಗ ಗಡಿಯಾರ ಮುಂದೆ ಓಡುತ್ತದೆ. ಆ ಮಾತು ಅಲ್ಲಿಗೆ ಬಿಡೋಣ.

ನಿನ್ನವ್ವ ಅನ್ನದ ಅಂಟು ಕಲಸಿಕೊಟ್ಟಳು. ಕತ್ತರಿಸಿ, ಮಡಿಸಿ, ಅಂಟಿಸಿ, ಕಿಟಕಿಯ ಬಿಸಿಲಿಗೆ ಹಿಡಿದು ಆರು ಮುಖವನ್ನೂ ತಿರುಗಿಸಿ ತಿರುಗಿಸಿ ನೋಡಿದೆ. ತಪ್ಪು ಸಿಕ್ಕರೆ ನಾಲ್ಕು ಮಾತು ಬರೆಯೋಣ ಅಂತ ಆಸೆಯಿಂದಲೇ ನೋಡಿದೆ, ಸುಳ್ಳೇಕೆ ಹೇಳಲಿ. ಒಂದೂ ಸಿಗಲಿಲ್ಲ. ಕಪ್ಪಿನ ಪಕ್ಕ ಕಪ್ಪು, ಕೆಂಪಿನ ಪಕ್ಕ ಕೆಂಪು, ಎಲ್ಲ ಅಂಚೂ ಕೂಡಿವೆ. ಶಭಾಷ್ ಮಗಳೇ! ನೀನು ಮಗ್ಗಕ್ಕೆ ಕೂರಲಿಲ್ಲ ಅಂತ ನನಗಿದ್ದ ಬೇಸರ ಇವತ್ತು ಅರ್ಧ ಹೋಯಿತು. ನೀನೂ ನೇಯುತ್ತೀಯ, ನೂಲಿಲ್ಲ ಅಷ್ಟೆ.

ಒಂದು ಆಕ್ಷೇಪಣೆ ಮಾತ್ರ ಇದೆ. ಕೆಂಪಿಗೆ ಹಸಿರು ಬೆರೆಸಿದರೆ ಹಳದಿ ಬರುತ್ತದೆ ಅಂತ ಒಂದು ಚೌಕದಲ್ಲಿ ತೋರಿಸಿದ್ದೀಯ. ಯಾವ ಲೋಕದಲ್ಲಿ? ಬಣ್ಣದ ಹಂಡೆಯಲ್ಲಿ ಕೆಂಪಿಗೆ ಹಸಿರು ಬಿದ್ದರೆ ಕೆರೆಯ ಕೆಸರು ಬರುತ್ತದೆ. ನಿಮ್ಮ ಕಂಪ್ಯೂಟರನ್ನು ಒಂದು ದಿನ ಇಲ್ಲಿಗೆ ಕರೆತಾ.

ಇದನ್ನೆಲ್ಲ ಕನ್ನಡಕ ಇಲ್ಲದೆ ನೋಡಿದೆ. ಈ ಕಾಗದವನ್ನೂ ಕನ್ನಡಕ ಇಲ್ಲದೆ ಬರೆಯುತ್ತಿದ್ದೇನೆ. ಹೋದ ವರ್ಷದಿಂದ ಅದು ಗೂಟಕ್ಕೆ ನೇತಾಡುತ್ತಿದೆ. ವಯಸ್ಸಾದಂತೆ ಎಲ್ಲರ ಕಣ್ಣು ಹೋಗುತ್ತದೆ, ನನ್ನದು ತಿರುಗಿ ಬಂದಿದೆ. ರಾಂಪುರದವರ ಪರ ವಹಿಸಿದ ನೀನು ಇದನ್ನು ನೆನಪಿಡು.

ಆ ಸೀರೆಯ ತಪ್ಪು ನನ್ನದಲ್ಲ, ಏಕಾಂತನದು. ಚಿಕ್ಕಂದಿನಿಂದ ಒಟ್ಟಿಗೆ ಬೆಳೆದವನು, ನನ್ನ ಮಗ್ಗಕ್ಕೆ ಅವನನ್ನು ಬಿಟ್ಟು ಬೇರೆಯವರು ಬಣ್ಣ ಅದ್ದಿಲ್ಲ. ಅಂಥವನು ಹಾಸಿನ ರೇಷ್ಮೆಗೆ ನೀಲಿ ಅದ್ದು ಅಂದರೆ ಕರಿ ಅದ್ದಿಕೊಟ್ಟ. ಆ ನೂಲಿನ ಲಡಿಗಳನ್ನು ವಾಪಸು ಕೊಟ್ಟೆ. ತುಟಿ ಪಿಟಕ್ಕೆನ್ನದೆ ತೆಗೆದುಕೊಂಡ. ಮತ್ತೆ ಅದ್ದಿಕೊಟ್ಟ, ಮತ್ತೆ ಕರಿಯೇ. ಆಗಲೂ ಮಾತಿಲ್ಲ. ತಪ್ಪಿಲ್ಲದವನು ಹೀಗೆ ಬಾಯಿ ಮುಚ್ಚಿಕೊಂಡು ತೆಗೆದುಕೊಳ್ಳುತ್ತಾನೆಯೆ? ಕೊನೆಗೆ ಹೇಗೋ ನೀಲಿ ಅನ್ನಿಸುವಂಥದ್ದು ಕೊಟ್ಟ, ನೇಯ್ದೆ, ರಾಂಪುರಕ್ಕೆ ಹೋಗಿ ತಿರುಗಿ ಬಂತು. ಕಳಪೆ ಪುಡಿ ಹಾಕಿದ್ದೀಯ ಅಂತ ಅವನ ಬಣ್ಣದ ಮನೆಯ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಅಂದುಬಂದೆ. ಅಂದಿನಿಂದ ಅವನ ಬೀದಿ ನಾನು ತುಳಿದಿಲ್ಲ, ನನ್ನ ಬೀದಿ ಅವನು ತುಳಿದಿಲ್ಲ. ಇನ್ನು ಆ ರಾಂಪುರದವರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ಅವರನ್ನು ಬಿಡು.

ಹಳದಿ ಅಂದಾಗ ನೆನಪಾಯಿತು. ನಿನ್ನವ್ವನಿಗೆ ಈಚೆಗೆ ಬಟ್ಟೆ ಒಗೆಯಲು ಬರುವುದಿಲ್ಲ. ನನ್ನ ಪಂಚೆಗಳೆಲ್ಲ ಅರಿಶಿನದಲ್ಲಿ ಅದ್ದಿದ ಹಾಗಿರುತ್ತವೆ. ನಾನೇ ಬಕೆಟ್ಟಿಗೆ ನೀಲಿ ಹಾಕಿ ಜಾಲಿಸಿಕೊಳ್ಳುತ್ತೇನೆ. ಅವಳು ನೋಡಿ ನೋಡಿ ಸುಮ್ಮನಾಗುತ್ತಾಳೆ. ತನ್ನ ತಪ್ಪು ಗೊತ್ತಾಗಿದೆ, ಮತ್ತೇನು.

ಅಂಜಿನೇಯ


ಚಳ್ಳಕೆರೆ
೧೭ ಜನವರಿ ೨೦೨೫

ಅಪ್ಪ,

ನಿನ್ನ ಶಭಾಷ್ ಓದಿ ಅಳು ಬಂತು. ಖುಷಿಗಲ್ಲ.

ನನ್ನ ಎರಡನೆಯ ಕಾಗದ ಇಷ್ಟು ಹೊತ್ತಿಗೆ ನಿನಗೆ ತಲುಪಿರುತ್ತದೆ. ಅದನ್ನು ಓದಿ ನೀನು ಏನಂದುಕೊಂಡೆ ಅಂತ ಇಲ್ಲಿ ಕೂತು ಊಹಿಸುತ್ತಿದ್ದೇನೆ. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ, ನಿನ್ನ ಮಗಳಲ್ಲವೆ. ನೀನು ಮಡಿಸಿದ ಹಾಳೆಯ ಅಂಚು ಕೂಡಿಲ್ಲ ಅಪ್ಪ. ಕಪ್ಪಿನ ಪಕ್ಕ ನೀನು ಕಂಡ ಕಪ್ಪು ಕಪ್ಪಲ್ಲ, ನೀಲಿ. ಕೆಂಪಿನ ಪಕ್ಕ ಕಂಡ ಕೆಂಪಿನಲ್ಲಿ ತುಂಬ ನೀಲಿ ಇದೆ.

ತಿದ್ದಿದ ಹಾಳೆಯನ್ನೂ ಮಡಿಸಿ, ಕಿಟಕಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡು. ನಾನೇ ತಪ್ಪು ತಿಳಿದಿದ್ದರೆ ಎಷ್ಟು ಬೇಕಾದರೂ ಬಯ್ಯಿ. ಬಯ್ಯುವ ಕಾಗದವನ್ನೇ ಕಾಯುತ್ತಿರುತ್ತೇನೆ.

ಕಾಂಚನಾ


ಮೊಳಕಾಲ್ಮೂರು
೩ ಫೆಬ್ರವರಿ ೨೦೨೫

ಕಾಂಚನಾಗೆ ಅವ್ವ ಮಾಡುವ ಆಶೀರ್ವಾದ.

ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಎದುರಿಗೇ ಇರುತ್ತಾರೆ. ಈಗ ಅವರು ಎಲ್ಲಿಗೂ ಹೋಗುವುದಿಲ್ಲ. ಮಗ್ಗದ ಸದ್ದು ನಿಂತಿದೆ, ನೀನೂ ಗಮನಿಸಿರಬೇಕು. ಅದಕ್ಕೇ ಹಿತ್ತಿಲಲ್ಲಿ ಕೂತು ಬರೆಯುತ್ತಿದ್ದೇನೆ.

ನಿನ್ನ ಕೊನೆಯ ಕಾಗದ ಬಂದ ದಿನ ಎರಡು ಡಬ್ಬಿಗಳನ್ನೂ ಕಿಟಕಿಯಲ್ಲಿ ಇಟ್ಟುಕೊಂಡು ಕೂತರು. ಊಟಕ್ಕೆ ಕರೆದರೂ ಏಳಲಿಲ್ಲ. ಆಮೇಲೆ ನನ್ನನ್ನು ಕರೆದು, ‘ಶಾಂತಾ, ಇವೆರಡ್ರಾಗೆ ಏನ್ ವ್ಯತ್ಯಾಸ ಐತೆ ಹೇಳು’ ಅಂದರು.

‘ಇದ್ರಾಗೆ ಈ ಕಡೆ ಕರಿ ಐತೆ, ಅದ್ರಾಗೆ ನೀಲಿ ಐತೆ’ ಅಂದೆ.

‘ಎರಡೂ ಕರೀನೇ ಅಲ್ಲೇನೇ?’

ಯಾವಾಗಲೂ ಮಾಡುವ ಹಾಗೆ ತಮಾಷೆ ಮಾಡುತ್ತಿದ್ದಾರೆ ಅಂತ ನಗುತ್ತಾ ನೋಡಿದೆ. ಅವರು ನಗುತ್ತಿರಲಿಲ್ಲ. ಎದ್ದು ಹೋಗಿ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತರು. ಲಾಳಿ ಮುಟ್ಟಲಿಲ್ಲ.

ನಿನ್ನ ಅಜ್ಜ ನಿನಗೆ ಸರಿಯಾಗಿ ನೆನಪಿರಲಾರದು. ನಾನು ಈ ಮನೆಗೆ ಬಂದಾಗ ಮಾವನಿಗೆ ಎರಡು ಕಣ್ಣೂ ಹೋಗಿದ್ದವು. ಮಗ್ಗದ ಪಕ್ಕ ಗೋಡೆಗೆ ಒರಗಿ ಕೂತು ಹಾಸಿನ ಎಳೆಗಳ ಮೇಲೆ ಕೈಯಾಡಿಸುತ್ತಿದ್ದರು. ಎಳೆ ಹರಿದರೆ, ‘ಅಂಜಿ, ಇಲ್ಲಿ ಹರೀತು ನೋಡಪ್ಪ’ ಅನ್ನುತ್ತಿದ್ದರು. ನಿಮ್ಮಪ್ಪ ಆ ಮಾತು ಈಗ ದಿನಾ ಆಡುತ್ತಾರೆ, ‘ನಂದೂ ಅದೇ ಹಾದಿ ಕಣೇ’ ಅಂತ. ಡಾಕ್ಟರ ಹತ್ತಿರ ಹೋಗೋಣ ಅಂದರೆ, ‘ಅವರು ಹೇಳಿದ ಮೇಲೆ ಖಾತ್ರಿ ಆಗ್ತೈತೆ, ಹೇಳದಿದ್ರೆ ಇನ್ನೊಂದ್ ಸ್ವಲ್ಪ ದಿನ ನೂಕಬಹುದು’ ಅನ್ನುತ್ತಾರೆ. ಇದೆಂಥ ಲೆಕ್ಕ ನೀನೇ ಹೇಳು.

ಪಂಚೆಯ ವಿಷಯ ನನಗೆ ಮೊದಲೇ ಹೊಳೆಯಬೇಕಿತ್ತು. ಮೊಂಡುತನ ಅಂದುಕೊಂಡೆ. ನನಗೆ ಭಯವಾಗಿದೆ ಮಗಳೇ.

ನಿನ್ನ ಅವ್ವ
ಶಾಂತಕುಮಾರಿ


ಚಳ್ಳಕೆರೆ
೭ ಫೆಬ್ರವರಿ ೨೦೨೫

ಅಪ್ಪ,

ಅವ್ವ ಬರೆದಿದ್ದಾಳೆ. ಅವಳ ಮೇಲೆ ಕೂಗಾಡಬೇಡ.

ನಿನ್ನೆ ಮಧ್ಯಾಹ್ನ ರಜೆ ಹಾಕಿ ಇಲ್ಲಿನ ಒಬ್ಬ ಕಣ್ಣಿನ ಡಾಕ್ಟರರ ಹತ್ತಿರ ಹೋಗಿದ್ದೆ, ಎರಡು ಘನಗಳನ್ನೂ ಹಿಡಿದುಕೊಂಡು. ನೋಡಲು ರೋಗಿಯೇ ಇಲ್ಲದೆ ಬಂದವಳನ್ನು ಕಂಡು ಅವರಿಗೆ ನಗು ಬಂತು. ನಿನ್ನ ವಿಷಯವೆಲ್ಲ ಹೇಳಿದೆ. ನೀಲಿ ಕಪ್ಪಾಗಿ ಕಾಣುವುದು, ಬಿಳಿ ಪಂಚೆ ಹಳದಿ ಕಾಣುವುದು. ಕೇಳುತ್ತಾ ಸುಮ್ಮನೆ ಬರೆದುಕೊಳ್ಳುತ್ತಿದ್ದರು. ಕೊನೆಗೆ, ‘ಆದ್ರೆ ಸಾರ್, ನಮ್ಮಪ್ಪ ಕನ್ನಡಕ ಇಲ್ದೆ ಓದ್ತಾರೆ’ ಅಂದೆ. ಪೆನ್ನು ಕೆಳಗಿಟ್ಟರು. ‘ಮೊದಲು ಕನ್ನಡಕ ಹಾಕ್ತಿದ್ರು, ಈಗ ಬೇಡ ಅಂತಾರಾ? ಅದನ್ನ ಮೊದ್ಲೇ ಹೇಳಬೇಕಿತ್ತಲ್ಲಮ್ಮ’ ಅಂದರು.

ಕಣ್ಣಿನೊಳಗಿನ ಮಸೂರಕ್ಕೆ ಪೊರೆ ಬರುವಾಗ ಒಂದು ಬಗೆಯ ಪೊರೆ ಹೀಗೆಯೇ ಮಾಡುತ್ತದಂತೆ. ಹತ್ತಿರದ್ದು ಕೆಲವು ದಿನ ಚೆನ್ನಾಗಿ ಕಾಣುತ್ತದೆ. ಜನ ಕಣ್ಣು ಸುಧಾರಿಸಿತು ಅಂತ ಹಿಗ್ಗುತ್ತಾರೆ. ಅಷ್ಟರಲ್ಲಿ ಮಸೂರ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಆ ಬಣ್ಣ ಮೊದಲು ತಡೆಯುವುದೇ ನೀಲಿಯನ್ನು. ನಿನ್ನ ಕಣ್ಣು ಒಳ್ಳೆಯದು ಅನ್ನುವುದಕ್ಕೆ ನೀನು ಕೊಟ್ಟ ಸಾಕ್ಷಿಯೇ ಪೊರೆಯ ಗುರುತು. ಕಣ್ಣು ನೋಡದೆ ಖಂಡಿತ ಹೇಳಲಾರೆ, ಆದರೆ ಪೊರೆಯಾದರೆ ತೆಗೆಯಬಹುದು ಅಂದರು. ತೆಗೆಯಬಹುದು ಅಪ್ಪ. ಈ ಮಾತನ್ನು ಎರಡು ಸಲ ಓದು.

ಅಜ್ಜನನ್ನು ಯಾರಿಗೂ ತೋರಿಸಲಿಲ್ಲ, ವಯಸ್ಸಾಯಿತು ಅಂದುಕೊಂಡರು. ಅಜ್ಜನಿಗೆ ಇದ್ದದ್ದೂ ಇದೇ ಇರಬಹುದು. ನಿನ್ನ ವಿಷಯದಲ್ಲಿ ಹಾಗಾಗಲು ನಾನು ಬಿಡುವುದಿಲ್ಲ. ಒಂದು ಪಕ್ಷ ಪೊರೆಯಲ್ಲ, ಬೇರೇನೋ ಅಂದರೂ ಆ ಮಾತನ್ನು ನೀನೊಬ್ಬನೇ ಕೇಳಬೇಕಾಗಿಲ್ಲ. ಪಕ್ಕದ ಕುರ್ಚಿಯಲ್ಲಿ ನಾನಿರುತ್ತೇನೆ.

ಕಾಂಚನಾ


ಮೊಳಕಾಲ್ಮೂರು
೨೦ ಫೆಬ್ರವರಿ ೨೦೨೫

ಕಾಂಚನಾಳಿಗೆ,

ಉತ್ತರ ಬರೆಯಲು ತಡವಾಯಿತು. ಬರೆದು ಹರಿದೆ, ಬರೆದು ಹರಿದೆ. ನಿನ್ನವ್ವ ಒಲೆ ಹೊತ್ತಿಸಲು ಬೇರೆ ಕಾಗದ ಹುಡುಕಲಿಲ್ಲ.

ನನಗೆ ಎರಡು ಭಯ. ಒಂದು, ನಿನ್ನಜ್ಜ ಕೂತ ಗೋಡೆಗೆ ನಾನೂ ಒರಗುತ್ತೇನೆ ಅನ್ನುವುದು. ಅವನ ತಲೆಯೆಣ್ಣೆಯ ಕಲೆ ಆ ಗೋಡೆಯಲ್ಲಿ ಇನ್ನೂ ಇದೆ. ಸುಣ್ಣ ಬಳಿದರೂ ಮೇಲೆ ಬರುತ್ತದೆ. ಇದನ್ನು ನೀನೂ ನಿನ್ನವ್ವನೂ ಊಹಿಸಿದ್ದೀರಿ. ಇನ್ನೊಂದನ್ನು ಊಹಿಸಿಲ್ಲ. ನನ್ನ ಕಣ್ಣು ಸರಿಯಾಗಿದ್ದರೆ ಏಕಾಂತ ತಪ್ಪು. ನನ್ನ ಕಣ್ಣು ತಪ್ಪಾದರೆ ಏಕಾಂತ ಸರಿ. ನಡುಬೀದಿಯಲ್ಲಿ ನಿಂತು ನಾನು ಆಡಿದ ಮಾತು ಸುಳ್ಳು. ಡಾಕ್ಟರ ಬಾಗಿಲಿಗೆ ಹೋಗಲು ಕಾಲು ಬರದಿರುವುದು ಇದಕ್ಕೆ. ಕುರುಡನಾಗಿಯಾದರೂ ಸರಿ ನಾನೇ ಗೆಲ್ಲಬೇಕು ಅಂತ ಒಳಗೆ ಒಬ್ಬ ಕೂತಿದ್ದಾನೆ. ಎಂಥ ಗಂಡಸು ನೋಡು.

ನಿನ್ನೆ ಬೆಳಿಗ್ಗೆ ಹಾಲಿಗೆ ಹೋದಾಗ ಅವನು ಎದುರಾದ. ಸೈಕಲ್ಲಿನ ಹಿಂದೆ ಲಡಿಗಳ ಗಂಟು ಇತ್ತು. ಯಾವ ಬಣ್ಣ ಅದ್ದಿದ್ದಾನೆ ಅಂತ ಕಣ್ಣು ತಾನಾಗಿ ಅಲ್ಲಿಗೆ ಹೋಯಿತು. ನನಗೆ ಕಂಡದ್ದು ನಿಜವಾ ಸುಳ್ಳಾ ಅಂತ ನನಗೇ ಗೊತ್ತಾಗಲಿಲ್ಲ. ಅಂಥ ಬದುಕು ಬೇಡ ಅನ್ನಿಸಿತು.

ಶಿವರಾತ್ರಿ ಕಳೆಯಲಿ. ನಿನ್ನ ಕುದಾಪುರದ ಕೆಲಸವೂ ಮುಗಿಯಲಿ. ಬರುತ್ತೇನೆ. ನಿಲ್ದಾಣಕ್ಕೆ ಗೋವರ್ಧನನನ್ನು ಕಳಿಸಬೇಡ, ಅಳಿಯನ ಬೈಕಿನ ಹಿಂದೆ ಕೂತು ಆಸ್ಪತ್ರೆಗೆ ಹೋಗುವಷ್ಟು ಮುದುಕ ನಾನಲ್ಲ. ನೀನೇ ಬಾ.

ಅಪ್ಪ


ಮೊಳಕಾಲ್ಮೂರು
೧೭ ಮಾರ್ಚ್ ೨೦೨೫

ನನ್ನ ಕಾಂಚನಾಳಿಗೆ ಅಪ್ಪನ ಒಂದು ಕಣ್ಣಿನ ಆಶೀರ್ವಾದ. ಇನ್ನೊಂದು ಕಣ್ಣು ಇನ್ನೂ ಸರದಿಯಲ್ಲಿದೆ.

ಬಲಗಣ್ಣಿನ ಪೊರೆ ತೆಗೆದಾಯಿತು, ಬರೆಯಲು ಡಾಕ್ಟರರು ಒಪ್ಪಿದ್ದಾರೆ. ಗೂಟದ ಕನ್ನಡಕ ತಿರುಗಿ ಮೂಗಿಗೆ ಬಂದಿದೆ. ಅದಕ್ಕೆ ನಾಚಿಕೆಯಿಲ್ಲ, ನನಗೂ ಇಲ್ಲ. ಬಲಗಣ್ಣಿಗೆ ಹೊಸ ಗಾಜು ಹಾಕಿಸಿಕೊಳ್ಳಬೇಕಂತೆ, ಸದ್ಯಕ್ಕೆ ಇದರಲ್ಲೇ ದೊಡ್ಡಕ್ಷರದಲ್ಲಿ ಸುಧಾರಿಸುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದಾಗ ನಾನು ಬಾಯಿ ಬಿಡಲಿಲ್ಲ ಅಂತ ನಿನಗೆ ಗಾಬರಿಯಾಗಿತ್ತು. ‘ಅಪ್ಪ, ಕಾಣ್ತೈತಾ?’ ಅಂತ ಕೇಳಿದೆ, ಮತ್ತೆ ಕೇಳಿದೆ. ಆಗ ಹೇಳಲಾಗಲಿಲ್ಲ, ಈಗ ಹೇಳುತ್ತೇನೆ. ಮೊದಲು ಕಂಡದ್ದು ನಿನ್ನ ಮುಖವಲ್ಲ. ನಿನ್ನ ಹಿಂದೆ ಬಾಗಿಲಿಗೆ ಒಂದು ನೀಲಿ ಪರದೆ ಇತ್ತು. ಆಸ್ಪತ್ರೆಯ ಮಾಸಲು ಪರದೆ, ಒಂದು ಕಡೆ ಹರಿದಿತ್ತು. ಆ ನೀಲಿಯನ್ನೇ ನೋಡುತ್ತಾ ಕೂತುಬಿಟ್ಟೆ. ಇಷ್ಟು ದಿನ ಇದೆಲ್ಲ ಎಲ್ಲಿತ್ತು? ನಾನಿಲ್ಲದಾಗ ಲೋಕ ಇದನ್ನೆಲ್ಲ ಉಟ್ಟುಕೊಂಡು ಓಡಾಡುತ್ತಿತ್ತು.

ಈಗ ನಗಬೇಡ. ನಗುವುದಾದರೆ ಬಾಗಿಲು ಹಾಕಿಕೊಂಡು ನಗು. ಮನೆಗೆ ಬಂದು ಟ್ರಂಕು ತೆಗೆದೆ. ನನ್ನ ಪಂಚೆಗಳನ್ನು ನೋಡಿದೆ. ಕಾಂಚನಾ, ಅವು ನೀಲಿ! ಬಿಳಿಗೆ ಒಂದು ಛಾಯೆ ನೀಲಿ ಅಲ್ಲ, ಬೇಸಿಗೆಯ ಆಕಾಶದಂಥ ನೀಲಿ. ಅವನ್ನು ಉಟ್ಟುಕೊಂಡು ಸೊಸೈಟಿಗೆ ಹೋಗಿದ್ದೇನೆ, ಮದುವೆಗಳಿಗೆ ಹೋಗಿದ್ದೇನೆ, ಒಂದು ಮದುವೆಯಲ್ಲಿ ಫೋಟೋಕ್ಕೂ ನಿಂತಿದ್ದೇನೆ. ಊರಿಗೆ ಊರೇ ನೋಡಿದೆ, ಒಬ್ಬರ ಬಾಯಲ್ಲೂ ಮಾತಿಲ್ಲ. ನಿನ್ನವ್ವನನ್ನು ಕೇಳಿದರೆ, ‘ನಿಮ್ಗೆ ಹೇಳೋರ್ ಯಾರು? ಏಕಾಂತಣ್ಣಂಗೆ ಆದ ಗತಿ ನೋಡಿಲ್ವಾ’ ಅಂದಳು. ನನ್ನ ಸಿಟ್ಟಿಗೆ ಹೆದರಿ ಊರು ಸುಮ್ಮನಿದ್ದದ್ದು ಗೊತ್ತಾದಾಗ ಮಾತ್ರ ನಗು ನಿಂತಿತು.

ರಾಂಪುರದ ಸೀರೆಯನ್ನೂ ಬಿಚ್ಚಿದೆ. ಅಯ್ಯೋ ದೇವರೇ. ನವಿಲೇ ನೋಡಿದ್ದರೆ ಓಡಿಹೋಗುತ್ತಿತ್ತು. ರಶ್ಮಿತಾ ಅದನ್ನು ಉಟ್ಟು ಧಾರೆಗೆ ನಿಲ್ಲದಿದ್ದದ್ದು ಅವಳ ಪುಣ್ಯ. ಕಾಮಾಲೆ ಕಣ್ಣಿನ ಗಾದೆ ನಾನು ಯಾರ ಮೇಲೆ ಎಸೆದಿದ್ದೆನೋ ಅವರಿಂದ ವಾಪಸು ತೆಗೆದುಕೊಂಡಿದ್ದೇನೆ, ಅದು ನನ್ನ ಅಳತೆಯದು.

ಈಗ ಒಂದು ಆಟ ಸಿಕ್ಕಿದೆ. ನಿನ್ನ ತಪ್ಪು ಘನ ಒಲೆಗೆ ಹೋಗಲಿಲ್ಲ, ಕಿಟಕಿಯಲ್ಲೇ ಇದೆ. ಬಲಗಣ್ಣು ಮುಚ್ಚಿ ಹಳೆಯ ಎಡಗಣ್ಣಲ್ಲಿ ನೋಡಿದರೆ ಅಂಚೆಲ್ಲ ಕೂಡಿವೆ, ನೀನು ಜಾಣೆ. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದರೆ ಆ ಚೌಕ ತೇಪೆಯಂತೆ ಎದ್ದು ಕೂರುತ್ತದೆ, ನೀನು ದಡ್ಡಿ. ದಿನಕ್ಕೆಷ್ಟು ಸಲ ನಿನ್ನನ್ನು ಜಾಣೆಯಿಂದ ದಡ್ಡಿ ಮಾಡುತ್ತೇನೋ ಲೆಕ್ಕವಿಲ್ಲ.

ಏಕಾಂತನ ಮನೆಗೆ ಇನ್ನೂ ಹೋಗಿಲ್ಲ. ಕಣ್ಣು ಬಂದಿದೆ, ಮುಖ ಬಂದಿಲ್ಲ.

ಅಪ್ಪ


ಚಳ್ಳಕೆರೆ
೨೨ ಮಾರ್ಚ್ ೨೦೨೫

ಅಪ್ಪ,

ಬಾಗಿಲು ಹಾಕಿಕೊಂಡು ನಗೋಣವೆಂದರೆ ಗೋವರ್ಧನ ಒಳಗೇ ಇದ್ದ. ಇಬ್ಬರೂ ನಕ್ಕೆವು. ಅವನು ಆ ಮದುವೆ ಫೋಟೋ ಹುಡುಕುತ್ತಿದ್ದಾನೆ. ತಡೆಯುವುದು ನನ್ನ ಕೈಲಾಗದು.

ಕುದಾಪುರದಲ್ಲಿ ಮಕ್ಕಳು ಘನಗಳಿಗೆ ಮುಗಿಬಿದ್ದ ಕಥೆಯನ್ನು ಆಸ್ಪತ್ರೆಯಲ್ಲೇ ಹೇಳಿದ್ದೆ. ಹೇಳದೆ ಉಳಿಸಿದ್ದು ಒಂದಿದೆ. ಮಕ್ಕಳೆಲ್ಲ ಸಾಲಾಗಿ ಕೂತು ಮಡಿಸುವಾಗ ನನ್ನ ಮನಸ್ಸೆಲ್ಲ ನಿನ್ನ ಕಡೆಗಿತ್ತು, ಮರುವಾರ ನಿನ್ನ ಕಣ್ಣಿನ ಪರೀಕ್ಷೆ ಇತ್ತಲ್ಲ. ಪ್ರತಿ ಮಗುವಿನ ಕೈಯಲ್ಲೂ ಅಂಚು ಕೂಡುತ್ತಾ ಬಂದಂತೆ ಸ್ವಲ್ಪ ಸ್ವಲ್ಪ ಉಸಿರು ಬಂತು. ಈಗ ಪೂರ್ತಿ ಬಂದಿದೆ. ಎಷ್ಟು ಹಗುರಾಗಿದ್ದೇನೆ ಗೊತ್ತಾ? ತರಗತಿಯಲ್ಲಿ ಸುಮ್ಮಸುಮ್ಮನೆ ನಗುತ್ತೇನೆ, ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಮುಂದಿನ ವಾರ ಯುಗಾದಿ. ಹಬ್ಬದ ಚಂದ್ರನನ್ನು ನೀನೂ ಏಕಾಂತ ಮಾಮನೂ ಪ್ರತಿ ವರ್ಷ ಅವರ ಮಾಳಿಗೆಯ ಮೇಲೆ ನಿಂತು ನೋಡುತ್ತಿದ್ದಿರಿ. ಚಂದ್ರ ಕಂಡ ಮೇಲೆ ಕಿರಿಯರು ಹಿರಿಯರ ಕಾಲಿಗೆ ಬೀಳಬೇಕು, ಮಾಮ ನಿನಗಿಂತ ದೊಡ್ಡವರು. ಇನ್ನು ನಾನು ಹೇಳಬೇಕಾದ್ದಿಲ್ಲ.

ಆ ತಪ್ಪು ಘನ ಎಸೆದುಬಿಡಪ್ಪ. ನೆನೆದರೆ ನಾಚಿಕೆಯಾಗುತ್ತದೆ.

ಕಾಂಚನಾ


ಮೊಳಕಾಲ್ಮೂರು
೨ ಏಪ್ರಿಲ್ ೨೦೨೫

ಕಾಂಚನಾಳಿಗೆ ಹೊಸ ವರ್ಷದ ಆಶೀರ್ವಾದ. ಬೇವೂ ಬೆಲ್ಲವೂ ನಿನಗೆ ಮುಟ್ಟಿವೆ ಅಂದುಕೋ.

ಯುಗಾದಿಯ ಮಾರನೇ ದಿನ, ಬಿಸಿಲು ಇನ್ನೂ ಚೆನ್ನಾಗಿರುವಾಗಲೇ ಏಕಾಂತನ ಮನೆಗೆ ಹೋದೆ. ಜೇಬಿನಲ್ಲಿ ನಿನ್ನ ತಪ್ಪು ಘನ ಇತ್ತು. ನನ್ನ ಬಾಯಿಂದ ಬಾರದಿದ್ದರೆ ಅದಾದರೂ ಹೇಳಲಿ ಅಂತ. ಉಟ್ಟಿದ್ದು ಹೊಸ ಪಂಚೆ, ಬಿಳಿಯದು. ನಿನ್ನವ್ವ ರಾಂಪುರದ ಸೀರೆಯನ್ನೇ ಉಟ್ಟುಕೊಂಡು ಜೊತೆಗೆ ಬಂದಳು. ಬೇಡ ಅಂದರೂ ಕೇಳಲಿಲ್ಲ. ಬೀದಿಯ ನಾಯಿಗಳು ಎದ್ದು ದಾರಿ ಬಿಟ್ಟವು.

ಅವನು ಬಣ್ಣದ ಮನೆಯ ಜಗಲಿಯಲ್ಲಿ ಕೂತಿದ್ದ. ನನ್ನನ್ನು ನೋಡಿ ಏಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

‘ಏಮಿರಾ, ದಾರಿ ತಪ್ಪಿ ಬಂದ್ಯಾ?’ ಅಂದ.

‘ತಪ್ಪಿದ್ದು ದಾರಿ ಅಲ್ಲ, ಕಣ್ಣು’ ಅಂದೆ. ಅಂದ ಮೇಲೆ ಉಳಿದದ್ದೆಲ್ಲ ತಾನಾಗಿ ಬಂತು. ಪೊರೆ, ಆಸ್ಪತ್ರೆ, ಪಂಚೆ, ಎಲ್ಲ ಹೇಳಿದೆ. ‘ನೀನು ಅದ್ದಿದ್ದು ನೀಲೀನೇ ಕಣೋ. ಬೀದಿನಾಗೆ ನಿಂತು ಅಂದಿದ್ದೆ, ಬೀದಿನಾಗೆ ನಿಂತೇ ತಪ್ಪಾತು ಅಂತೀನಿ’ ಅಂದೆ. ಎದುರು ಮನೆಯ ಬಾಗಿಲಲ್ಲಿ ನಿಂತವರು ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ ಅಂತಲೇ ಜೋರಾಗಿ ಅಂದದ್ದು.

ಮಾತಾಡುತ್ತಲೇ ಘನವನ್ನು ಜೇಬಿನಿಂದ ತೆಗೆದಿದ್ದೆ. ಅವನು ನನ್ನ ಕೈಯಲ್ಲಿದ್ದದ್ದು ಏನು ಅಂತ ಕೇಳಿದ. ಘನ ಕೊಟ್ಟೆ. ‘ನನ್ನ ಮಗಳು ಕಂಪ್ಯೂಟರ್‌ನಾಗೆ ಮಾಡಿದ್ದು. ಇದ್ರಾಗೆ ಒಂದ್ ಕಡೆ ಅಂಚು ಕೂಡಿಲ್ಲ. ಅದು ನನಗೆ ಕಾಣ್ಲಿಲ್ಲ, ಅಲ್ಲಿಂದ ಎಲ್ಲ ಗೊತ್ತಾತು’ ಅಂದೆ. ಅವನು ಅದನ್ನು ಬಿಸಿಲಿಗೆ ಹಿಡಿದ. ತಿರುಗಿಸಿದ. ಇನ್ನೊಂದು ಸಲ ತಿರುಗಿಸಿದ. ಮೂಗಿನ ಹತ್ತಿರ ತಂದ. ಆಮೇಲೆ ನನ್ನನ್ನು ನೋಡಿ ಅಂದ:

‘ಎಲ್ಲಿ ಕೂಡಿಲ್ಲೋ? ಎಲ್ಲ ಸರಿಯಾಗೇ ಐತಲ್ಲ!’

ಕಾಂಚನಾ, ಅವನ ಪಕ್ಕ ಜಗಲಿಯ ಮೇಲೆ ಹೋಗಿ ಕೂತೆ. ‘ಏಕಾಂತ, ನೀನು ಕನ್ನಡಕ ಹಾಕ್ತಿದ್ದೆಯಲ್ಲ, ಎಲ್ಲಿ?’ ಅಂದೆ.

‘ಬಿಟ್ಟು ವರ್ಷ ಆತು. ಈಗ ಅದಿಲ್ದೆ ಓದ್ತೀನಿ’ ಅಂತ ಎದೆಯುಬ್ಬಿಸಿ ಹೇಳಿದ.

ನಿನ್ನವ್ವ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ನಾನು ನಗಲು ಶುರು ಮಾಡಿದೆ, ಕಣ್ಣಿಗೆ ಒಳ್ಳೆಯದಲ್ಲ ಅಂತ ಡಾಕ್ಟರರು ಹೇಳಿದ್ದೆಲ್ಲ ಮರೆತು. ಅವನಿಗೆ ಮೊದಲು ಸಿಟ್ಟು ಬಂತು. ಬಿಡಿಸಿ ಹೇಳಿದ ಮೇಲೆ ಅವನೂ ನಕ್ಕ. ನಗುತ್ತಾ ನಗುತ್ತಾ ಅವನ ಬಾಯಿಂದ ಬಂತು ನೋಡು, ಹೋದ ವರ್ಷದಿಂದ ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆಗೆ ಉತ್ತರ. ನಾನು ಲಡಿ ವಾಪಸು ಕೊಟ್ಟಾಗಲೆಲ್ಲ ಅವನು ಯಾಕೆ ಸುಮ್ಮನಿದ್ದ ಅಂತ. ‘ನೀನು ಕರಿ ಅಂದೆ. ನಾನೂ ನೋಡ್ದೆ, ನನಗೂ ಕರೀನೇ ಕಂಡ್ತು. ಪುಡಿ ತೂಕ ಮಾಡೇ ಹಾಕಿದ್ದೆ, ಆದ್ರೂ ಕರಿ. ನನ್ ಕೈ ಕೆಟ್ಟೋತು ಅಂತ ಒಳಗೊಳಗೇ ಅಳ್ತಿದ್ದೆ ಕಣೋ. ಅದಕ್ಕೇ ನೀಲಿ ಕಾಣೋವರೆಗೂ ಪುಡೀನ ಇನ್ನಷ್ಟು ಸುರಿದೆ’ ಅಂದ.

ಒಬ್ಬ ಕಾಣದವನು ಅದ್ದಿದ, ಇನ್ನೊಬ್ಬ ಕಾಣದವನು ನೇಯ್ದ, ಆಮೇಲೆ ಇಬ್ಬರೂ ಬಣ್ಣಕ್ಕಾಗಿ ಮುಖ ಮುರಿದುಕೊಂಡರು. ಅವನ ಕೈ ಕೆಟ್ಟಿಲ್ಲ, ನನ್ನ ಕೈ ಕೆಟ್ಟಿಲ್ಲ. ಅಷ್ಟು ದಿನದ ಭಾರ ಆ ಜಗಲಿಯ ಮೇಲೆ ಇಳಿಯಿತು.

ಸಂಜೆ ಮಾಳಿಗೆ ಹತ್ತಿದೆವು. ಹೋದ ವರ್ಷ ಇಬ್ಬರೂ ಮೋಡ ಅಂದುಕೊಂಡು ಇಳಿದುಬಂದಿದ್ದೆವು, ಮಕ್ಕಳೆಲ್ಲ ಚಂದ್ರ ಚಂದ್ರ ಅಂತ ಕೂಗುತ್ತಿದ್ದವು. ಈ ಸಲ ನನ್ನ ಬಲಗಣ್ಣಿಗೆ ಕಂಡಿತು, ಉಗುರು ಕತ್ತರಿಸಿ ಎಸೆದಷ್ಟು. ಅವನ ಕತ್ತು ಹಿಡಿದು ಅತ್ತ ತಿರುಗಿಸಿದೆ. ‘ಕಂಡ್ತಾ?’ ಅಂದೆ. ‘ಕಂಡ್ತು, ಕಂಡ್ತು’ ಅಂದ, ನೋಡುತ್ತಿದ್ದದ್ದು ಬೇರೆ ಕಡೆ. ಕಾಲಿಗೆ ಬಿದ್ದೆ. ಎಬ್ಬಿಸುವ ಬದಲು ತಲೆಗೊಂದು ಮೊಟಕಿದ.

ಮುಂದಿನ ವಾರ ನನ್ನ ಎಡಗಣ್ಣಿಗೆ ಬರುವಾಗ ಅವನನ್ನೂ ಕರೆತರುತ್ತೇನೆ. ಎರಡು ಹಾಸಿಗೆ ಹಾಸು. ಅವನು ಗೊರಕೆ ಹೊಡೆಯುತ್ತಾನೆ, ಗೋವರ್ಧನನಿಗೆ ಮೊದಲೇ ಹೇಳು.

ಇನ್ನೊಂದು ಕೆಲಸ ಮಾಡು. ನಮ್ಮ ಬೀದಿಯಲ್ಲಿ ಕನ್ನಡಕ ಬಿಟ್ಟೆ ಅಂತ ಹೆಮ್ಮೆಪಡುವ ನೇಕಾರರು ಇನ್ನೂ ಇದ್ದಾರೆ. ಶಿವಮೂರ್ತಪ್ಪ ಇದ್ದಾನೆ, ಕಾಮಣ್ಣ ಇದ್ದಾನೆ. ಕಾಮಣ್ಣನ ಪಂಚೆ ಮೊನ್ನೆ ನೋಡಿದೆ, ಅದೂ ನೀಲಿಗೆ ತಿರುಗಿದೆ. ಆಸ್ಪತ್ರೆಗೆ ಬನ್ನಿ ಅಂದರೆ ಹೊಡೆಯಲು ಬರುತ್ತಾರೆ, ನಾನೂ ಹಾಗೇ ಬರುತ್ತಿದ್ದೆ. ಮಗಳು ಮಾಡಿದ್ದು, ಅಂಚು ಕೂಡಿದೆಯಾ ನೋಡಿ ಹೇಳಿ ಅಂತ ಕೈಗೆ ಕೊಟ್ಟರೆ ಬೇಡ ಅನ್ನುವುದಿಲ್ಲ. ತಪ್ಪು ಹುಡುಕುವ ಆಸೆ ಯಾವ ನೇಕಾರನಿಗಿಲ್ಲ?

ಅದಕ್ಕೇ ಆ ಒಂದು ಸಾಲನ್ನು ಮತ್ತೆ ಮೊದಲಿನ ಹಾಗೆಯೇ ತಿರುವುಮುರುವು ಮಾಡು. ಸರಿಯಾದ ಹಾಳೆ ಶಾಲೆ ಮಕ್ಕಳಿಗಿರಲಿ. ನಮ್ಮ ಬೀದಿಗೆ ತಪ್ಪಾದದ್ದನ್ನೇ ಕಳಿಸು, ಒಂದು ಕಟ್ಟು.

ನಿನ್ನ ಅಪ್ಪ
ಅಂಜಿನೇಯ